ಅಪ್ಪನ .32 ರಿವಾಲ್ವರ್ ಸಿಲಿಂಡರ್ ಬಿಗಿಯಾಗಿದೆ, ಏನು ಮಾಡಲಿ?

ಪ್ರಶ್ನೆ (ಜಮಖಂಡಿ ಕಡೆಯ ರೈತ): ಕಾಕಾ, ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಅವರ ಕಾನ್ಪುರದ .32 ರಿವಾಲ್ವರ್ ನನ್ನ ಲೈಸೆನ್ಸಿಗೆ ಬಂತು. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ್ದೆ, ಮೂರು ತಿಂಗಳ ಮೇಲೆ ವಾಪಸ್ ತೆಗೆದುಕೊಂಡು ಬಂದೆ. ಈಗ ಗುಂಡು ತುಂಬುವ ಸಿಲಿಂಡರ್ ತಿರುಗಲು ಹಟ ಮಾಡುತ್ತದೆ, ಗುಂಡಿಗೆ ಬಡಿಯುವ ಹ್ಯಾಮರ್ ಎಳೆದರೆ ಅರ್ಧಕ್ಕೇ ನಿಲ್ಲುತ್ತದೆ. ಸ್ಪ್ರಿಂಗ್ ಹೋಗಿದೆಯಾ? ಲೇತ್ ಅಂಗಡಿಯಲ್ಲಿ ಬಿಚ್ಚಿಸಲಾ?

ಉತ್ತರ (ಬೆಳಗಾವಿ, ಬಂದೂಕು ರಿಪೇರಿ): ತಮ್ಮಾ, ಲೇತ್ ಅಂಗಡಿ ಬೇಡ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿ ಮಾಡುವವನಿಗೂ ಲೈಸೆನ್ಸ್ ಇರಬೇಕು. ಸ್ಪ್ರಿಂಗ್ ಅಲ್ಲ ಅನಿಸುತ್ತದೆ. ಸ್ಪ್ರಿಂಗ್ ಸೋತರೆ ಹ್ಯಾಮರ್ ಹಗುರಾಗುತ್ತದೆ, ಗುಂಡು ಹಾರದೆ ಉಳಿಯುತ್ತದೆ. ನಿನ್ನದು ಬಿಗಿ. ಗುಂಡು ತೆಗೆದು ಬೇರೆ ಕೋಣೆಯಲ್ಲಿಡು. ಆರೂ ಚೇಂಬರ್ (ಗುಂಡು ಕೂರುವ ತೂತು) ಖಾಲಿ ಅಂತ ಎರಡು ಸಲ ನೋಡು. ಆಮೇಲೆ ಹೇಳು: ಖಾಲಿ ಇದ್ದಾಗಲೂ ಬಿಗಿಯಾ? ಆರೂ ಕಡೆನಾ, ಒಂದೇ ಕಡೆನಾ?

ಪ್ರಶ್ನೆ: ಖಾಲಿ ಇದ್ದರೂ ಬಿಗಿ, ಆರೂ ಕಡೆ. ಅಪ್ಪ ವರ್ಷಕ್ಕೊಮ್ಮೆ ಕುಸುಬಿ ಎಣ್ಣೆ ಹಚ್ಚಿ ಚರ್ಮದ ಚೀಲದಲ್ಲಿ ಇಡುತ್ತಿದ್ದರು.

ಉತ್ತರ: ಸಿಕ್ಕಿತು ನೋಡು! ಕುಸುಬಿ ಎಣ್ಣೆ ಒಣಗಿದರೆ ಅಂಟಾಗುತ್ತದೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಅಂಚು ನೋಡಿದ್ದೀಯಲ್ಲ, ಹಾಗೆ. ಅದೇ ಅಂಟು ಸಿಲಿಂಡರ್ ತಿರುಗುವ ಕಂಬಿಗೂ ಹಿಡಿದಿರುತ್ತದೆ. ಚರ್ಮದ ಚೀಲ ಬೇರೆ ತೇವ ಹಿಡಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಜೋರು ಮಾಡಿ ಹ್ಯಾಮರ್ ಎಳೆಯಬೇಡ. ಸಿಲಿಂಡರ್ ತಿರುಗಿಸುವ ಸಣ್ಣ ಕೈಯ ತುದಿ ಸವೆದರೆ ಖರ್ಚು ಜಾಸ್ತಿ. ಲೈಸೆನ್ಸ್ ಜೊತೆಗಿಟ್ಟುಕೊಂಡು ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಹೋಗು, ತೊಳೆದು ಕೊಡುತ್ತಾರೆ. ಹ್ಯಾಮರ್ ಪೂರ್ತಿ ಏರುವ ಹೊತ್ತಿಗೆ ಆರೂ ಚೇಂಬರ್ ಬ್ಯಾರಲ್‌ಗೆ ನೇರ ನಿಂತು ಲಾಕ್ ಆಗುತ್ತವಾ ಅಂತ ಅವರಿಂದಲೇ ನೋಡಿಸು. ಅದು ತಪ್ಪಿದ್ದರೆ ಗುಂಡು ಹಾರಿಸಬೇಡ.

ಇನ್ನೊಬ್ಬರು (ಅಥಣಿ): ನನ್ನದೂ ಅದೇ ರಿವಾಲ್ವರ್. ಖಾಲಿ ಇದ್ದರೆ ಸರಾಗ, ಗುಂಡು ತುಂಬಿದರೆ ಬಿಗಿ. ಏನಿರಬಹುದು ಸರ್?

ಉತ್ತರ: ಅದು ಬೇರೆ ರೋಗ. ಮಡಚಿ ತೆರೆದಾಗ ಖಾಲಿ ಕೇಸ್ ಎತ್ತುವ ನಕ್ಷತ್ರದಂಥ ತಟ್ಟೆ ಇದೆಯಲ್ಲ, ಅದರಡಿ ಕಸ ಕೂತರೆ ತಟ್ಟೆ ಪೂರ್ತಿ ಕೂರುವುದಿಲ್ಲ. ಗುಂಡಿನ ಅಂಚು ಎದ್ದು ಹಿಂದೆ ಉಜ್ಜುತ್ತದೆ. ಗುಂಡು ತೆಗೆದು, ಒಣ ಹಲ್ಲುಜ್ಜುವ ಬ್ರಷ್‌ನಿಂದ ಅದರಡಿ ಉಜ್ಜಿ. ಎಣ್ಣೆ ಬೇಡ. ಆಮೇಲೂ ಬಿಗಿಯಿದ್ದರೆ ಗುಂಡಿನ ತಪ್ಪಿರಬಹುದು, ಗುಂಡಿನ ಹಿಂದೆ ಕಿಡಿ ಕೊಡುವ ಸಣ್ಣ ಬಿಲ್ಲೆ, ಅಂದರೆ ಪ್ರೈಮರ್, ಸ್ವಲ್ಪ ಹೊರಗೆ ಬಂದಿದ್ದರೂ ಹೀಗಾಗುತ್ತದೆ. ಆ ಗುಂಡುಗಳನ್ನು ಬಳಸದೆ ಅಂಗಡಿಯವರಿಗೆ ತೋರಿಸಿ.

ಪ್ರಶ್ನೆ (ಜಮಖಂಡಿ): ಕಾಕಾ, ಇನ್ನು ಮುಂದೆ ಯಾವ ಎಣ್ಣೆ?

ಉತ್ತರ: ಹೊಲಿಗೆ ಯಂತ್ರದ ಎಣ್ಣೆ ಸಾಕು, ಒಂದು ಹನಿ. ಕುಸುಬಿ ಎಣ್ಣೆ ಚಟ್ನಿಪುಡಿಗೆ ಇರಲಿ.