ಸಹಾಯ ಬೇಕು: ಹವಳದ ನಡುವೆ ಲಂಗರು, ಮೊದಲ ಫ್ಲೋಟ್ ಎಲ್ಲಿ ಕಟ್ಟೋದು?

ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದ ಟುವಾಮೊಟು ದ್ವೀಪಗಳ ಕಡೆ ಹಾಯಿದೋಣಿ ನಡೆಸಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

12 ಮೀಟರ್ ದೋಣಿ, ಅಲ್ಲಿನ ಫಕರಾವ ದ್ವೀಪದ ಲಗೂನಿನ (ಹವಳದ ದಂಡೆ ಸುತ್ತುವರಿದ ಒಳನೀರು) ಆಗ್ನೇಯ ಮೂಲೆಯ ಹಿರಿಫಾದಲ್ಲಿ ನಿಂತಿದೆ. ಆಳ 10 ಮೀಟರ್. ತಳ ಮರಳೇ, ಆದರೆ ಅಲ್ಲಲ್ಲಿ ಆಳೆತ್ತರದ ಹವಳದ ದಿಬ್ಬಗಳಿವೆ. ಲಂಗರಿಗೆ 10 ಮಿ.ಮೀ. ಚೈನು 50 ಮೀಟರ್ ಬಿಟ್ಟಿದ್ದೇವೆ. ಗಾಳಿ ತಿರುಗಿದರೆ ಚೈನು ದಿಬ್ಬಕ್ಕೆ ಸುತ್ತಿಕೊಂಡು ಜೀವಂತ ಹವಳವನ್ನು ಪುಡಿ ಮಾಡುತ್ತೆ. ಸುತ್ತಿ ಗಿಡ್ಡವಾದ ಮೇಲೆ ಅಲೆ ಎದ್ದರಂತೂ ದೋಣಿಯ ಮೂತಿಯನ್ನೇ ಜಗ್ಗುತ್ತೆ.

ಅದಕ್ಕೇ ಮುತ್ತಿನ ಸಾಕಣೆಯವರು ಬಳಸುವ ಗಟ್ಟಿ ಫ್ಲೋಟ್‌ಗಳನ್ನು (ತೇಲುವ ಚೆಂಡುಗಳು) ಚೈನಿಗೆ ಕಟ್ಟಿದ್ದೇವೆ, ಅದು ಹವಳಕ್ಕೆ ತಾಗದೆ ಮೇಲೆ ತೇಲಲಿ ಅಂತ. ನೀರೊಳಗೆ ಈ ಚೈನು ಮೀಟರಿಗೆ ಸುಮಾರು 2 ಕೆ.ಜಿ. ತೂಗುತ್ತೆ, ಅಂದ್ರೆ 10 ಕೆ.ಜಿ. ಎತ್ತುವ ಫ್ಲೋಟ್ ಹೊರೋದು 5 ಮೀಟರ್ ಮಾತ್ರ. ಜಗ್ಗುವ ಹೊಡೆತ ತಗ್ಗಿಸೋಕೆ ಮೂತಿಯಲ್ಲಿ 8 ಮೀಟರ್ ನೈಲಾನ್ ಹಗ್ಗವೂ ಇದೆ.

ತೊಡಕು ಇಲ್ಲಿ. ಮೊದಲ ಫ್ಲೋಟನ್ನು ಲಂಗರಿನಿಂದ 20 ಮೀಟರಿಗೆ ಕಟ್ಟಿದರೆ ಕೆಳಗಿನ ಚೈನು ಪಕ್ಕದ ದಿಬ್ಬಕ್ಕೆ ಉಜ್ಜುತ್ತೆ. 12 ಮೀಟರಿಗೆ ತಂದರೆ ಹವಳಕ್ಕೆ ತಾಗಲ್ಲ, ಆದರೆ ಗಾಳಿ ರಭಸಕ್ಕೆ ಲಂಗರಿನ ಕಾಂಡ (ಚೈನು ಕಟ್ಟುವ ಉದ್ದನೆಯ ಸರಳು) ಮರಳಿನಿಂದ ಮೇಲೇಳೋದು ಮುಳುಗಿ ನೋಡಿದಾಗ ಕಾಣುತ್ತೆ. ಲಂಗರನ್ನೇ ಸರಿಸೋಣ ಅಂದರೆ ಸುತ್ತ ಇಷ್ಟು ಅಗಲದ ಮರಳು ಬೇರೆಲ್ಲೂ ಕಾಣ್ತಿಲ್ಲ.

ಆಗ್ನೇಯದ ಬಿರುಗಾಳಿ ಮಾರಾಅಮು 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಬೀಸಿದರೂ ಲಂಗರು ಕೀಳಬಾರದು. ಹಾಗಾದರೆ ಮೊದಲ ಫ್ಲೋಟನ್ನು 12 ಮೀಟರಿನಲ್ಲೇ ಬಿಟ್ಟು 5 ಕೆ.ಜಿ. ಎತ್ತುವ ಚಿಕ್ಕದನ್ನು ಹಾಕಬೇಕಾ, ಅಥವಾ 20 ಮೀಟರಿಗೇ ಬಿಟ್ಟು ಚೈನು ಇನ್ನೂ ಉದ್ದ ಕೊಡಬೇಕಾ?