ಎರಡನೇ ತರಗತಿ ಹುಡುಗ ‘ಕಾಯಿ’ಗೆ ‘ತಾಯಿ’ ಅಂತಾನ, ಸಾಲ್ಯಾಗ ಏನು ಮಾಡಬೇಕ್ರಿ?

ಸಿಂಧನೂರು ಮೇಷ್ಟ್ರು: ‘ಕ’ ಬದಲಿ ‘ತ’, ‘ಗ’ ಬದಲಿ ‘ದ’. ‘ಕಾಗಿ’ ಅನ್ನಾಕ ‘ತಾದಿ’. ಮಾತು ತಿದ್ದೋ ಥೆರಪಿಸ್ಟ್ ನೋಡಬೇಕಂದ್ರ ರಾಯಚೂರಿಗೆ ಹೋಗಬೇಕು. ತರಗತಿಯೊಳಗ ಏನಾದ್ರೂ ಮಾಡಬಹುದಾ?

ಕಿನ್ನಾಳ ಗೊಂಬಿ: ದಿನಾ ಮೇಣದಬತ್ತಿ ಊದಿಸ್ರಿ, ಪೀಪಿ ಊದಿಸ್ರಿ. ನಾಲಿಗಿಗೆ ಬಜೆ ತೇದು ಹಚ್ರಿ. ಬಾಯಿ ಗಟ್ಟಿ ಆದ್ರ ಮಾತು ತಾನ ನೆಟ್ಟಗಾಗತೈತಿ.

ಧ್ವನಿಮಾ: ‘ಬಾಯಿ ಗಟ್ಟಿ’ಯಂತೆ! ಊದಿಸಿದರೆ ಊದುವುದನ್ನು ಕಲಿಯುತ್ತಾನೆ, ‘ಕ’ ಅಲ್ಲ. ‘ತ’ಕ್ಕೆ ನಾಲಿಗೆಯ ತುದಿ ಹಲ್ಲಿಗೆ ತಾಗಬೇಕು, ‘ಕ’ಕ್ಕೆ ಹಿಂಭಾಗ ಏಳಬೇಕು. ಮೇಷ್ಟ್ರೇ, ಮೊದಲು ಕಿವಿ ತೋರಿಸಿ; ಕಿವಿ ಸೋರುತ್ತಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ಆಮೇಲೆ ಕಾಯಿ, ತಾಯಿ ಎರಡು ಚಿತ್ರ ಇಟ್ಟು, ನೀವು ಹೇಳಿದ್ದನ್ನು ಅವನು ಮುಟ್ಟಲಿ. 10ಕ್ಕೆ 8 ಸರಿಯಾದರೆ ಹೇಳಿಸಲು ಶುರುಮಾಡಿ. ಐಸ್‌ಕ್ರೀಮ್ ಕಡ್ಡಿಯಿಂದ ನಾಲಿಗೆಯ ತುದಿ ಮೆಲ್ಲಗೆ ಒತ್ತಿ ಹಿಡಿದು, ‘ತ’ ಹೇಳು ಎಂದು ಅವನಿಗೆ ಹೇಳಿ. ತುದಿ ಏಳಲಾಗದೆ ಹಿಂಭಾಗ ಏಳುತ್ತದೆ, ‘ಕ’ ಬರುತ್ತದೆ. ಕಡ್ಡಿ ಒಳಗೆ ಹೋದರೆ ಓಕರಿಕೆ, ಎಚ್ಚರ. ಮುಂದೆ ಕಾ-ಕೀ-ಕೂ, ಪದ, ವಾಕ್ಯ; ಪ್ರತಿ ಹಂತಕ್ಕೂ ಅದೇ 10ಕ್ಕೆ 8. ಹಾಗೇ ‘ಶಾಲೆ’ಗೆ ‘ಸಾಲಿ’ ಅಂದರೆ ಅದನ್ನೂ ಪಟ್ಟಿಗೆ ಸೇರಿಸಿ.

ಒಗ್ಗರಣಿ ಮಿರ್ಚಿ: ‘ಸಾಲಿ’ನೂ ಪಟ್ಟಿಗೆ? ಈ ಹುಡುಗನ ಅಜ್ಜನೂ ಸಾಲಿ ಅಂತಾನ, ಮೇಷ್ಟ್ರು ಹೆಡ್ಡಿಂಗಿನ್ಯಾಗ ‘ಸಾಲ್ಯಾಗ’ ಅಂತ ಬರದಾರ. ಇಡೀ ಜಿಲ್ಲಾಕ್ಕ ಕಡ್ಡಿ ಹಿಡಿತೀರೇನು?

ಧ್ವನಿಮಾ: ‘ಇಡೀ ಜಿಲ್ಲೆ’ ಅಂತ ಯಾರು ಹೇಳಿದರು? ಶ–ಸ ಬೇರೆ ಮಾಡದ ಮಗು ಉಕ್ತಲೇಖನದಲ್ಲಿ ತಪ್ಪುತ್ತದೆ.

ಒಗ್ಗರಣಿ ಮಿರ್ಚಿ: ಉಕ್ತಲೇಖನ ಕಲಿಸೋದು ಬ್ಯಾರೆ, ಉಚ್ಚಾರದ ದೋಷ ಬ್ಯಾರೆ. ‘ಸಾಲಿ’ ಅವ್ವನ ಬಾಯಾಗೂ ಅದ. ‘ತಾದಿ’ ಅವನೊಬ್ಬನ ಬಾಯಾಗ ಅದ. ಉರ್ದು ಮನಿ ಹುಡುಗ ‘ಹಳ್ಳಿ’ಗೆ ‘ಹಲ್ಲಿ’ ಅಂದ್ರ ಅದೂ ದೋಷ ಅಲ್ಲ, ಮನಿ ಭಾಷಾದಾಗ ‘ಳ’ ಇಲ್ಲ. ‘ಕ’ ಮಾತ್ರ ಕನ್ನಡ, ತೆಲುಗು, ಉರ್ದು ಮೂರರಾಗೂ ಅದ.

ಕಿನ್ನಾಳ ಗೊಂಬಿ: ‘ಮನಿ ಭಾಷಾ’ ಅಂದ್ರಲ್ಲ, ಬಜೆನೂ ಮನಿ ಮದ್ದೇ. ಅದಕ್ಯಾಕ ಅಷ್ಟು ಸಿಟ್ಟು?

ಧ್ವನಿಮಾ: ಬಜೆಗೆ ನಾಲಿಗೆ ಉರಿಯುತ್ತದೆ, ‘ಕ’ ಬರುವುದಿಲ್ಲ. ಸಾಕು.

ಸಿಂಧನೂರು ಮೇಷ್ಟ್ರು: ಜಗಳ ಆಮ್ಯಾಲ ಆಡ್ರೆಪಾ. ದಿನಕ್ಕ ಎಷ್ಟು ಹೊತ್ತು?

ಹಂಪಿ ಹಾದಿ: ದಿನಾ 10 ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ತಾಸು ಕೂಡಿಸಿದ್ರೆ ಮಗು ಬೇಸತ್ತು ಹೋಗುತ್ತೆ. ಎಲ್ಲರ ಮುಂದೆ ನಿಲ್ಲಿಸಿ ‘ಇನ್ನೊಮ್ಮೆ ಹೇಳು’ ಅನ್ಬೇಡಿ. ‘ತಾಯಿ ಬಿತ್ತು’ ಅಂದ್ರೆ ‘ಹೌದು, ಕಾಯಿ ಬಿತ್ತು, ದೊಡ್ಡ ಕಾಯಿ’ ಅಂತ ನೀವೇ ತಿರುಗಿಸಿ ಹೇಳಿ. ‘ಕ’ ಕಲಿತ ಹೊಸದರಲ್ಲಿ ಅವ್ವನಿಗೂ ‘ಕಾಯಿ’ ಅಂತಾನೆ, ಅದಕ್ಕೆ ಎರಡನ್ನೂ ಬೆರೆಸಿ ಕೇಳ್ಬೇಕು. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ಬಂದಾಗ ಹೆಸರು ಬರೆಸೋದು ಮರೀಬೇಡಿ, 18 ವರ್ಷದವರೆಗಿನ ಮಕ್ಕಳನ್ನ ನೋಡ್ತಾರೆ.

ಧ್ವನಿಮಾ: ‘10 ನಿಮಿಷ ಸಾಕು’ ಅನ್ನುವುದು ಆ 10 ನಿಮಿಷದಲ್ಲಿ ‘ಕ’ 50 ಸಲವಾದರೂ ಬಾಯಿಗೆ ಬಂದರೆ ಮಾತ್ರ. ‘ಸಾಲಿ’ ವಿಷಯ ನಾನು ಬಿಟ್ಟಿಲ್ಲ, ಮೂರನೇ ತರಗತಿಯ ಉಕ್ತಲೇಖನದ ನೋಟ್‌ಬುಕ್ ತೆಗೆದು ನೋಡಿ.

ಒಗ್ಗರಣಿ ಮಿರ್ಚಿ: ನೋಡ್ರಿ ಬೇಕಾದ್ರ. ‘ಶಾಲೆ’ ಅಂತ ಬರದು ‘ಸಾಲಿ’ ಅಂತ ಓದಿರ್ತಾವ.