ಹಳೆಯ ಟೆಲಿ ಲೆನ್ಸ್, ತಡವರಿಸುವ ಶಟರ್: ಕೊಳ್ಳಬಹುದೇ?

ಹುಬ್ಬಳ್ಳಿಯಿಂದ ಪ್ರಶ್ನೆ: ನನ್ನದು 4×5 ಇಂಚಿನ ಹಾಳೆ ಫಿಲ್ಮಿನ, ಮಡಚುವ ಫೀಲ್ಡ್ ಕ್ಯಾಮೆರಾ. ಲೆನ್ಸಿನಿಂದ ಹಿಂಭಾಗದವರೆಗೆ ಚಾಚುವ ಮಡಿಕೆ ಚೀಲ, ಅಂದರೆ ಬೆಲ್ಲೋಸ್, 300 ಮಿ.ಮೀ. ದಾಟುವುದಿಲ್ಲ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಶಿಖರದ ಕೆತ್ತನೆಯನ್ನು ದೂರದಿಂದ ದೊಡ್ಡದಾಗಿ ತೆಗೆಯುವ ಆಸೆ. 360 ಮಿ.ಮೀ. ಟೆಲಿಫೋಟೊ ಲೆನ್ಸ್ ಒಂದು ಅಗ್ಗಕ್ಕೆ ಸಿಗುತ್ತಿದೆ. ಲೆನ್ಸಿನಲ್ಲೇ ಕೂರಿಸಿದ ಹಳೆಯ ಕಾಂಪರ್ (ಜರ್ಮನ್ ತಯಾರಿಕೆಯ) ಶಟರ್ ಒಂದು ಸೆಕೆಂಡ್, ಅರ್ಧ ಸೆಕೆಂಡಿನಲ್ಲಿ ತಡವರಿಸುತ್ತದೆ. ತೆಗೆದುಕೊಳ್ಳಲೇ?

ಗದಗದಿಂದ: ನಿಮ್ಮ ಬೆಲ್ಲೋಸಿಗೆ ಟೆಲಿಯೇ ಸರಿ. ಸಾಮಾನ್ಯ 360 ಲೆನ್ಸಿಗೆ ದೂರದ ಗುಡ್ಡವನ್ನು ಫೋಕಸ್ ಮಾಡಲೂ ಹೆಚ್ಚುಕಡಿಮೆ ಅಷ್ಟೇ ಉದ್ದ ಬೇಕು. ಟೆಲಿಗೆ ಬೇಡ, ಉದಾಹರಣೆಗೆ ನಿಕಾನ್ ಕಂಪನಿಯ ನಿಕ್ಕೋರ್-ಟಿ 360ಕ್ಕೆ ಸುಮಾರು 261 ಮಿ.ಮೀ. ಸಾಕು. ಆದರೆ ಉಳಿತಾಯ ಅಷ್ಟಕ್ಕೇ ಮುಗಿಯಿತು. ಹತ್ತಿರದ ವಸ್ತುವಿಗೆ ಮುಂದೆ ಚಾಚಬೇಕಾದ ಉದ್ದ ಯಾವ 360ಕ್ಕೂ ಒಂದೇ. ನಾಲ್ಕು ಮೀಟರ್ ದೂರದ ಶಿಲ್ಪಕ್ಕೆ ಇನ್ನೂ ಸುಮಾರು 36 ಮಿ.ಮೀ. ಬೇಕು, ಅಲ್ಲಿಗೆ ನಿಮ್ಮ 300 ತೀರಿತು. ಶಿಖರಕ್ಕೆ ತೊಂದರೆಯಿಲ್ಲ, ಬಾಗಿಲವಾಡದ ಬಿಡಿ ಕೆತ್ತನೆಗೆ ಈ ಲೆನ್ಸನ್ನು ನಂಬಬೇಡಿ.

ಇನ್ನೊಂದು ಕಿರಿಕಿರಿ: ಕ್ಯಾಮೆರಾದ ಲೆನ್ಸ್ ಇರುವ ಮುಂಭಾಗವನ್ನು ವಾಲಿಸಿದರೆ ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಹಿಂಬದಿಯ ಮಸುಕು ಗಾಜು) ಮೇಲಿನ ಚಿತ್ರವೇ ಜಾರಿಕೊಂಡು ಹೋಗುತ್ತದೆ. ಟೆಲಿಯಲ್ಲಿ ವಾಲಿಸುವುದೇನಿದ್ದರೂ ಹಿಂಭಾಗವನ್ನು. ಹಳೆಯ ಟೆಲಿಗಳ ಬಿಂಬವೃತ್ತವೂ (ಲೆನ್ಸ್ ಚಿತ್ರ ಮೂಡಿಸುವ ವೃತ್ತ) ಸಾಮಾನ್ಯವಾಗಿ ಚಿಕ್ಕದು. ಶಿಖರಕ್ಕಾಗಿ ಮುಂಭಾಗವನ್ನು ಮೇಲೆತ್ತಿದಾಗ ಅಪರ್ಚರನ್ನು (ಲೆನ್ಸಿನ ಬೆಳಕಿನ ಕಂಡಿ) ಎಫ್/22ಕ್ಕೆ ಇಳಿಸಿ, ಗ್ರೌಂಡ್ ಗ್ಲಾಸಿನ ಕತ್ತರಿಸಿದ ಮೂಲೆಯಿಂದ ಲೆನ್ಸನ್ನು ನೋಡಿ. ಅಪರ್ಚರ್ ಪೂರ್ತಿ ಕಂಡರೆ ಆ ಮೂಲೆಗೆ ಬೆಳಕು ತಲುಪುತ್ತದೆ; ಬೆಕ್ಕಿನ ಕಣ್ಣಿನಂತೆ ಸೀಳಿ ಕಂಡರೆ ಎತ್ತಿದ್ದು ಹೆಚ್ಚಾಯಿತು.

ಧಾರವಾಡದಿಂದ: ಶಟರ್ ಬಗ್ಗೆ ನಾನು ಹೇಳುತ್ತೇನೆ. ತಡವರಿಕೆಗೆ ಸಾಮಾನ್ಯ ಕಾರಣ ನಿಧಾನ ವೇಗದ ಹಲ್ಲುಚಕ್ರಗಳಲ್ಲಿ ಒಣಗಿ ಗಟ್ಟಿಯಾದ ಗ್ರೀಸ್. ದಯವಿಟ್ಟು ಎಣ್ಣೆ ಬಿಡಬೇಡಿ. ಅದು ಬ್ಲೇಡುಗಳಿಗೆ ಹರಿದು ಅವು ಒಂದಕ್ಕೊಂದು ಅಂಟುತ್ತವೆ. ಬಿಚ್ಚಿ ತೊಳೆಯಬೇಕು, ಅದು ತಿಳಿದವರ ಕೆಲಸ. ಶಟರನ್ನೇ ಬದಲಿಸುವ ಯೋಚನೆಯಿದ್ದರೆ ಹುಷಾರು: ಟೆಲಿಯ ಮುಂದಿನ, ಹಿಂದಿನ ಗಾಜುಗಳ ನಡುವಿನ ಅಂತರ ಕೊಂಚ ತಪ್ಪಿದರೂ ಚಿತ್ರದ ಚುರುಕು ಹೋಗುತ್ತದೆ.

ಅದಕ್ಕೂ ಮೊದಲು ಅಳೆಯಿರಿ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ವಿಡಿಯೊ ಇದ್ದರೆ ಸಾಕು. ಬೆಳಕಿನ ಎದುರು ಶಟರ್ ಹಿಡಿದು, ತೆರೆದಿರುವ ಫ್ರೇಮುಗಳನ್ನು ಎಣಿಸಿ. 1/10 ಸೆಕೆಂಡಿಗೆ 24 ಬರಬೇಕು. 1/60ರಾಚೆಗೆ ಈ ಎಣಿಕೆಗೆ ಅರ್ಥವಿಲ್ಲ. ಒಂದು ಸೆಕೆಂಡ್ ಪ್ರತಿ ಸಲವೂ ಒಂದೂವರೆ ಆಗುತ್ತಿದ್ದರೆ ನನಗೆ ಚಿಂತೆಯಿಲ್ಲ, ಚೀಟಿ ಬರೆದು ಲೆನ್ಸ್ ಬೋರ್ಡಿಗೆ ಅಂಟಿಸುತ್ತೇನೆ. ಒಮ್ಮೆ ಒಂದು, ಒಮ್ಮೆ ಎರಡು ಬಂದರೆ ಮಾತ್ರ ರಿಪೇರಿ. ಕಾಂಪರಿನಲ್ಲಿ ಅತಿ ಹೆಚ್ಚಿನ ವೇಗ ಬೇಕಿದ್ದರೆ ಅದನ್ನು ಶಟರಿನ ಸ್ಪ್ರಿಂಗ್ ಎಳೆದು ಸಜ್ಜು ಮಾಡುವ ಮೊದಲೇ ಇಡಿ. ಎಳೆದ ಮೇಲೆ ತಿರುಗಿಸಲು ಒತ್ತಾಯ ಮಾಡಬೇಡಿ.

ಹಾವೇರಿಯಿಂದ: ಧಾರವಾಡದವರು ಹೇಳಿದ್ದು ಸರಿ, ಆದರೆ ಲಕ್ಕುಂಡಿಯ ಬಿಸಿಲಿಗೆ ಒಂದು ಸೆಕೆಂಡ್ ಯಾರಿಗೆ ಬೇಕು? ಐಎಸ್‌ಒ 100 ಫಿಲ್ಮಿಗೆ ಎಫ್/32ರಲ್ಲಿ 1/25 ಸಾಕು. ಹಳೆಯ ಶಟರುಗಳಲ್ಲಿ ಆ ಅಂಕೆ ನೇರವಾಗಿಯೇ ಇರುತ್ತದೆ. ನನ್ನ ಭಯ ಗಾಳಿಯದು. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಪೂರ್ತಿ ಚಾಚಿದ ಬೆಲ್ಲೋಸ್ ಆ ಗಾಳಿಗೆ ಅಲುಗಿದರೆ 1/25 ನಿಮ್ಮನ್ನು ಕಾಪಾಡುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಗಾಳಿ ಬರುವ ಕಡೆ ಕೊಡೆ ಹಿಡಿಯಲು ಒಬ್ಬರನ್ನು ಕರೆದೊಯ್ಯಿರಿ. ಚಳಿಗಾಲದಲ್ಲಿ ದಕ್ಷಿಣದ ಬದಿಗೆ ಬಹಳ ಹೊತ್ತು ಬಿಸಿಲಿರುತ್ತದೆ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ, ಗೇಟಿನಲ್ಲಿ ನಿಂತು ವಾದಿಸಿ ಫಲವಿಲ್ಲ.

ಶಟರ್ ಪೂರ್ತಿ ಕೈಕೊಟ್ಟರೂ ಗಾಳಿಯಿಲ್ಲದ ದಿನ ಕೆಲಸ ನಡೆಯುತ್ತದೆ. ಬೆಳಕನ್ನು ಆರು ಸಲ ಅರ್ಧರ್ಧಕ್ಕೆ ಇಳಿಸುವ, ಅಂದರೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ 1/25 ಎರಡೂವರೆ ಸೆಕೆಂಡ್ ಆಗುತ್ತದೆ. ಹಳೆಯ ಸ್ಟುಡಿಯೊದವರಂತೆ ಮುಚ್ಚಳ ತೆಗೆದು ಹಾಕಿದರಾಯಿತು. ಹಾಗಾಗಿ ಕೊಳ್ಳುವಾಗ ಶಟರಿಗಿಂತ ಗಾಜನ್ನು ನೋಡಿ. ಟಾರ್ಚ್ ಹಿಡಿದಾಗ ಒಳಗೆ ಫಂಗಸ್ಸಿನ ಎಳೆ ಅಥವಾ ಅಂಚಿನಲ್ಲಿ ಅಂಟು ಬಿಟ್ಟ ಬಣ್ಣಬಣ್ಣದ ಕಲೆ ಕಂಡರೆ, ಎಷ್ಟೇ ಅಗ್ಗವಿರಲಿ, ಬಿಟ್ಟುಬಿಡಿ.